ನಾಯಿಗಳ ಪಾಲಿಗೆ ಬಂದ ಡಬ್ಬಿಗಳು

ಯುದ್ಧ ಶುರುವಾದ ಮೇಲೆ ದನದ ಡಾಕ್ಟರಿಗೆ ಬಡ್ತಿ ಸಿಕ್ಕಿತು. ಅಲ್ಲಿಯವರೆಗೆ ಜೀವಂತ ಪ್ರಾಣಿಗಳನ್ನು ನೋಡಿಕೊಂಡಿದ್ದವರು ಈಗ ಸತ್ತು, ಬೆಂದು, ಡಬ್ಬಿಯೊಳಗೆ ಕೂತ ಪ್ರಾಣಿಗಳನ್ನು ನೋಡಬೇಕಾಯಿತು. ಈ ರೋಗಿಗಳು ಒದೆಯುವುದಿಲ್ಲ, ಹಾಯುವುದಿಲ್ಲ, ಗುಣವಾಗದಿದ್ದರೆ ಯಜಮಾನ ಬಂದು ಬಯ್ಯುವುದೂ ಇಲ್ಲ. ಸೇನೆಯವರ ಪ್ರಕಾರ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ಆದರೆ ಡಾಕ್ಟರದು ಸುಖಪಡುವ ಜಾಯಮಾನವಲ್ಲ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಬೀಗ ಜಗ್ಗಿ ನೋಡುವ ಪೈಕಿ ಅವರು.

ಸೇನೆಯ ಊಟದ ಉಗ್ರಾಣವೆಂದರೆ ಹಳೆಯ ಹತ್ತಿ ಗಿರಣಿ. ಅಲ್ಲಿ ಗೋಡೆಯುದ್ದಕ್ಕೂ ಪೇರಿಸಿಟ್ಟ ಡಬ್ಬಿಗಳನ್ನು ಅವರು ಮರದ ಕೋಲಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಒಳ್ಳೆಯ ಡಬ್ಬಿ ಮಂಕಾಗಿ ಸದ್ದು ಮಾಡುತ್ತದೆ. ಕೆಟ್ಟದ್ದು ಒಳಗೆ ಗಾಳಿ ತುಂಬಿಕೊಂಡು ತಮಟೆಯ ಹಾಗೆ ಮಾತಾಡುತ್ತದೆ. ಆಮೇಲೆ ಮುಚ್ಚಳ ನೋಡಬೇಕು. ಕಾರ್ಖಾನೆಯವರು ಬೇಯಿಸಿ ಮುಚ್ಚುವಾಗ ನಡುವೆ ಒಂದೇ ಒಂದು ಬೆಸುಗೆಯ ಚುಕ್ಕೆ ಇಡುತ್ತಾರೆ. ಪಕ್ಕದಲ್ಲಿ ಎರಡನೆಯದು ಕಂಡರೆ, ಯಾರೋ ಉಬ್ಬಿದ ಡಬ್ಬಿಗೆ ತೂತು ಹೊಡೆದು, ಗಾಳಿ ಬಿಟ್ಟು, ಮತ್ತೆ ಮುಚ್ಚಿ ಸಾಧುವೇಷ ಹಾಕಿಸಿದ್ದಾರೆ ಎಂದರ್ಥ.

ಬೆಟ್ಟದ ಠಾಣೆಗೆ ಹೋಗಬೇಕಿದ್ದ ಅಷ್ಟೂ ಡಬ್ಬಿಗಳ ಮೇಲೆ ಎರಡು ಚುಕ್ಕೆಗಳಿದ್ದವು.

ಡಾಕ್ಟರು ಕನ್ನಡಕ ಒರೆಸಿಕೊಂಡರು. ಚುಕ್ಕೆಗಳು ಹೋಗಲಿಲ್ಲ. ಒಂದನ್ನು ಬಿಚ್ಚಿದರು, ಅದು ಬುಸ್ಸೆಂದಿತು. ವಾಸನೆ ಹಿಡಿದು ಹಿಂದಕ್ಕೆ ಸರಿದರು. ತಮ್ಮ ಮೂಗೇ ಸರಿಯಿಲ್ಲದಿರಬಹುದು ಎಂಬ ಶಂಕೆಯಿಂದ ಇನ್ನೊಂದು ಬಿಚ್ಚಿದರು, ಮತ್ತೊಂದು ಬಿಚ್ಚಿದರು. ಮೂಗು ಸರಿಯಾಗಿಯೇ ಇತ್ತು. ಬೆಟ್ಟದ ಠಾಣೆಯಲ್ಲಿ ಅವರ ಭಾಮೈದುನನಿದ್ದ. ತಾಯಿ ಇಲ್ಲದ ಆ ಹುಡುಗನನ್ನು ಹೆಂಡತಿಯೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಈ ಸಲ ತಮ್ಮನಿಗೆ ಮಾಂಸ ಹೋಗುತ್ತದೆಂದು ಕೇಳಿ ಬೆಳಿಗ್ಗೆಯಷ್ಟೇ ಅವಳ ಮುಖ ಅರಳಿತ್ತು. "ನೀವೇ ನೋಡಿ ಕಳಿಸ್ರಿ, ಬೇರೆಯವರ ಕೈಗೆ ಬಿಡಬೇಡಿ" ಎಂದಿದ್ದಳು.

ಉಗ್ರಾಣದ ಮೇಜರ್ ಸಾಹೇಬರು ವಿಷಯ ಕೇಳಿ ಒಂದಿಷ್ಟೂ ವಿಚಲಿತರಾಗಲಿಲ್ಲ. ಬಿಸಿಲಿಗೆ ಡಬ್ಬಿ ಉಬ್ಬುವುದು ಸಹಜ, ನಾನೇ ನಿಂತು ಗಾಳಿ ಬಿಡಿಸಿ ರಿಪೇರಿ ಮಾಡಿಸಿದ್ದೇನೆ ಎಂದರು. ಅದಕ್ಕೊಂದು ಶಹಬ್ಬಾಸ್ ಸಿಗಬಹುದೆಂದು ಸ್ವಲ್ಪ ಹೊತ್ತು ಕಾದಂತೆಯೂ ಕಂಡಿತು. ಡಾಕ್ಟರು ವಿಷದ ಮಾತೆತ್ತಿದಾಗ, ನಮ್ಮ ಸೈನಿಕರು ಕಲ್ಲು ತಿಂದು ಕರಗಿಸುವವರು, ಅವರ ಹೊಟ್ಟೆಯ ಮೇಲೆ ಅನುಮಾನಪಡುವುದು ದೇಶದ ಮೇಲೆಯೇ ಅನುಮಾನಪಟ್ಟಂತೆ ಎಂದು ಬುದ್ಧಿ ಹೇಳಿದರು. ಲಾರಿ ನಾಳೆ ಹೊರಡುವುದು ಖಂಡಿತವಾಗಿತ್ತು.

ನಿಯಮವೂ ಮೇಜರರ ಕಡೆಗೇ ಇತ್ತು. ಸೈನಿಕರ ಊಟವನ್ನು ತಿರಸ್ಕರಿಸಲು ಮೂವರು ಹಿರಿಯ ಅಧಿಕಾರಿಗಳು ಒಪ್ಪಬೇಕು. ಆ ಮೂವರಲ್ಲಿ ಮೇಜರ್ ಒಬ್ಬರು, ಉಳಿದಿಬ್ಬರು ಅವರ ಇಸ್ಪೀಟಿನ ಜೊತೆಗಾರರು. ನೆಲಬಾಂಬು ಮೂಸುವ ನಾಯಿಗಳ ಊಟಕ್ಕಾದರೆ ಯಾರನ್ನೂ ಕೇಳಬೇಕಿಲ್ಲ. ದನದ ಡಾಕ್ಟರು ಬೇಡವೆಂದರೆ ಮುಗಿಯಿತು, ನಿಂತ ನಿಲುವಿನಲ್ಲೇ ನಾಶಮಾಡಬೇಕು. ಇದರಲ್ಲಿ ಅನ್ಯಾಯವೇನೂ ಇಲ್ಲ. ಒಂದು ನಾಯಿಯನ್ನು ತಯಾರು ಮಾಡಲು ಎಷ್ಟು ಕಷ್ಟವಿದೆ! ಸೈನಿಕನನ್ನು ಅವನಮ್ಮ ಪುಕ್ಕಟೆ ತಯಾರು ಮಾಡಿ ಕಳಿಸುತ್ತಾಳೆ.

ಡಾಕ್ಟರು ಬಾಗಿಲವರೆಗೆ ಹೋದರು. ಬೀಗ ನೋಡಲು ವಾಪಸು ಬರುವವರ ಹಾಗೆ ತಿರುಗಿ ಬಂದರು.

"ಸಾರ್, ಈ ಡಬ್ಬಿಗಳನ್ನೆಲ್ಲ ನಾಯಿಗಳ ಪಾಲಿಗೆ ಹಾಕಿಬಿಟ್ರೆ? ಅವುಕ್ಕೆ ಬರೋ ತಾಜಾ ಕುರಿಮಾಂಸ ಉಳಿಯುತ್ತೆ. ಆಫೀಸರ್ಸ್ ಮೆಸ್‌ಗೆ…"

ಮೇಜರರ ಮುಖದಲ್ಲಿ ದೇಶಪ್ರೇಮ ನಿಧಾನವಾಗಿ ಕರಗಿ ಬಾಯಲ್ಲಿ ನೀರಾಯಿತು. "ಮತ್ತೆ ಬೆಟ್ಟದವರಿಗೆ?"

"ಬಿಸ್ಕತ್ತಿದೆಯಲ್ಲ ಸಾರ್."

"ನಿಮ್ಮನ್ನ ಏನೋ ಅನ್ಕೊಂಡಿದ್ದೆ ಡಾಕ್ಟ್ರೇ. ಪರವಾಗಿಲ್ಲ, ತಲೆ ಇದೆ" ಎಂದು ಬೆನ್ನು ತಟ್ಟಿ, ಅಲ್ಲೇ ಆಜ್ಞೆ ಕೊಟ್ಟರು.

ಡಬ್ಬಿಗಳು ನಾಯಿಗಳ ಸ್ವತ್ತಾದ ಕೂಡಲೇ ಡಾಕ್ಟರು ಅವನ್ನು ತಿರಸ್ಕರಿಸಿದರು. ಕೋಟು ಬಿಚ್ಚಿಟ್ಟು ಅಂಗಳದಲ್ಲಿ ಪಿಕಾಸಿ ಹಿಡಿದರು. ಒಂದೊಂದೇ ಡಬ್ಬಿಯನ್ನು ಇರಿದು, ಹೊಂಡಕ್ಕೆಸೆದು, ಸೀಮೆಎಣ್ಣೆ ಸುರಿದರು. ಕೈಗೆ ಬೊಬ್ಬೆ ಬಂದರೂ ಬೇರೆಯವರಿಗೆ ಪಿಕಾಸಿ ಕೊಡಲಿಲ್ಲ. ವಾಸನೆ ಇಡೀ ಬೀದಿಗೆ ಹಬ್ಬಿ, ಎದುರು ಮನೆಯವರು ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೋಡಿದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೇಜರ್ ಬರುವಷ್ಟರಲ್ಲಿ ಕೆಲಸ ಮುಗಿಯುತ್ತ ಬಂದಿತ್ತು.

ನಾಯಿಗಳಿಗೆ ಕುರಿಮಾಂಸ ವಾಪಸು ಹೋಯಿತು. ಮೇಜರರಿಗೆ ಅದೇ ತಡೆಯಲಾಗಲಿಲ್ಲ. ಆದರೂ ಸಭ್ಯರು, ಗದರಲಿಲ್ಲ. "ನಿಮ್ಮಂಥ ಪ್ರಾಮಾಣಿಕರು ಇಲ್ಲಿ ಕೊಳೀಬಾರದು" ಎಂದು ಹೇಳಿ ಡಾಕ್ಟರನ್ನು ಬೆಟ್ಟದ ಠಾಣೆಯ ನಾಯಿಗಳಿಗೆ ವರ್ಗ ಮಾಡಿದರು. ಗುಂಡು ಬೀಳುವ ಜಾಗವದು. ಹೆಂಡತಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತ, ತಮ್ಮ ಹೊಟ್ಟೆತುಂಬ ತಿನ್ನುತ್ತಾನೋ ಇಲ್ಲವೋ ನೋಡಿಕೊಳ್ಳಿ ಎಂದಳು. ಡಾಕ್ಟರು ಹೂಂ ಎಂದರು.

ಸುದ್ದಿ ಲಾರಿಗಿಂತ ಮೊದಲೇ ಬೆಟ್ಟ ಹತ್ತಿತ್ತು. ಮಾಂಸಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತವರ ಪಾಲನ್ನು ಯಾವನೋ ಡಾಕ್ಟರು ನಾಯಿಗಳಿಗೆ ಬರೆದು, ಆಮೇಲೆ ಅದನ್ನೂ ಮಣ್ಣುಪಾಲು ಮಾಡಿದನಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆ ಇಳಿಸಿಕೊಳ್ಳಲು ಒಬ್ಬರೂ ಏಳಲಿಲ್ಲ. ಭಾಮೈದುನನೂ ಏಳಲಿಲ್ಲ. ಮರಳುಚೀಲಕ್ಕೆ ಒರಗಿ, ಬಿಸ್ಕತ್ತನ್ನು ದವಡೆಗೆ ಸಿಕ್ಕಿಸಿಕೊಂಡು ಮುರಿಯಲು ಹೆಣಗುತ್ತಿದ್ದ.

"ನಿಮಗೆ ಬೇರೆ ಯಾರ ಊಟಾನೂ ಸಿಗಲಿಲ್ವಾ ಭಾವ?"

ಡಾಕ್ಟರು ಪಕ್ಕದಲ್ಲಿ ಕೂತು ಎರಡು ಚುಕ್ಕೆಗಳ ಕತೆ ಹೇಳಿದರು. ಬುಸ್ಸೆಂದದ್ದನ್ನೂ ವಾಸನೆಯನ್ನೂ ವರ್ಣಿಸಿದರು. ಕೇಳಿಸಿಕೊಳ್ಳುತ್ತಿದ್ದ ಅಡುಗೆಯವನು, ಹಸಿದವನಿಗೆ ಅದೆಲ್ಲ ಮಸಾಲೆಯಂತೆಯೇ ಇರುತ್ತಿತ್ತು ಎಂದ. ಎಲ್ಲರೂ ನಕ್ಕರು.

"ತಿಂದು ಸತ್ತಿದ್ರೂ ಹೊಟ್ಟೆ ತುಂಬಿ ಸಾಯ್ತಿದ್ವಿ" ಎಂದ ಭಾಮೈದುನ. ಅವನು ನಗಲಿಲ್ಲ.

ತಾವು ಮೂಸದೆ ಇರಿದ ಡಬ್ಬಿಗಳಲ್ಲಿ ಒಂದೆರಡಾದರೂ ಚೆನ್ನಾಗಿದ್ದಿರಬಹುದೇ ಎಂಬ ಹುಳ ಆಗಲೇ ಡಾಕ್ಟರ ತಲೆ ಹೊಕ್ಕಿತ್ತು. ಅದು ಇನ್ನು ಸಾಯುವವರೆಗೂ ಕೊರೆಯುತ್ತದೆಂದು ಅವರಿಗೆ ಗೊತ್ತಿತ್ತು. ಸುಮ್ಮನೆ ಕೈ ಚಾಚಿ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಗಿತ್ತು, ರಕ್ತಕ್ಕೇನೂ ಕೊರತೆಯಿರಲಿಲ್ಲ.

"ನಾನೇನು ಎಮ್ಮೇನಾ? ಬಿಡಿ ಭಾವ."

ಡಾಕ್ಟರು ಆ ಕಣ್ಣು ಬಿಟ್ಟು, ಇನ್ನೊಂದನ್ನೂ ಎಳೆದು ನೋಡಿದರು.