ಅಪ್ಪ ಹಾಕಿದ ಗಂಟು

ಗೋದಾಮಿನ ಚಾವಣಿಗೆ ತಗಡು ಹೊದಿಸುವಾಗ ಅಪ್ಪ ಒಂದು ಇಳಿಜಾರಿನಲ್ಲಿ, ನಾನು ಇನ್ನೊಂದರಲ್ಲಿ. ನಡುವೆ ಚಾವಣಿಯ ನೆತ್ತಿ ದಾಟಿದ ಒಂದೇ ಹಗ್ಗ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ. ಒಬ್ಬ ಜಾರಿದರೆ ಇನ್ನೊಬ್ಬನ ಭಾರವೇ ಅವನನ್ನು ಹಿಡಿಯಬೇಕು. ಅಪ್ಪ ತನ್ನ ಅಣ್ಣನ ಜೊತೆ ಹೀಗೇ ದುಡಿದವನು. ಕಬ್ಬಿಣದ ತೊಲೆಗೆ ಕಟ್ಟಿಕೊಳ್ಳುವುದೆಂದರೆ ಜೊತೆಗಾರನನ್ನು ನಂಬದ ಹಾಗೆ ಅಂತ ಅವರ ಲೆಕ್ಕ.

ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಅಪ್ಪನ ಮೊಣಕಾಲು ಈಚೆಗೆ ನಡುಗುತ್ತದೆ. ಏಣಿ ಹತ್ತಿ ಬಂದವನು ಏನೋ ಮರೆತವನಂತೆ ಜೇಬು ತಡಕುತ್ತ ನಿಲ್ಲುತ್ತಾನೆ. ಮರೆತಿರುವುದಿಲ್ಲ, ಸುಧಾರಿಸಿಕೊಳ್ಳುತ್ತಿರುತ್ತಾನೆ.

ಕಂಟ್ರಾಕ್ಟರ್‌ಗೆ ಮೊದಲೇ ಹೇಳಿದ್ದೆ: ತಗಡು ಏರಿಸುವ ಮುಂಚೆ ನೆತ್ತಿಯ ತೊಲೆಗೆ ಕೊಂಡಿ ಬಿಗಿಸಿಬಿಡೋಣ, ಒಬ್ಬೊಬ್ಬರಿಗೂ ಬೇರೆ ಹಗ್ಗ, ಎದೆಗೆ ಬೆಲ್ಟು. ಅರ್ಧ ದಿನದ ಕೆಲಸ. "ನೋಡೋಣ" ಅಂದ. ಅವನ ಬಾಯಲ್ಲಿ ನೋಡೋಣ ಅಂದರೆ ಆಗಲ್ಲ ಅಂತ. ಅವನ ಕಾರಿನ ಡಿಕ್ಕಿಯಲ್ಲಿ ಹಳದಿ ಹೆಲ್ಮೆಟ್ಟುಗಳಿವೆ. ಯಾರಾದರೂ ತಪಾಸಣೆಗೆ ಬರುವ ದಿನ ಹೊರಗೆ ಬಂದು, ನಮ್ಮ ತಲೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡು ವಾಪಸ್ಸು ಹೋಗಿ ಮಲಗುತ್ತವೆ. ಬಿದ್ದವನನ್ನು ನೋಡಲು ಆಸ್ಪತ್ರೆಗೆ ಹಣ್ಣು ಹಿಡಿದು ಬರುವುದಕ್ಕೆ ಮಾತ್ರ ಇಂಥವರಿಗೆ ಪುರುಸೊತ್ತು!

ಅಪ್ಪನೂ ಅವನ ಕಡೆಯೇ. "ಯಾಕಪ್ಪಾ ದೊಡ್ಡ ಮನುಷ್ಯ, ನಾನು ನಿಂಗೆ ಅಷ್ಟು ಭಾರ ಆಗ್ಬಿಟ್ನಾ?" ಅಂತ ಎಲ್ಲರೆದುರು ಕಾಲೆಳೆದ. ನಾನು ಹಲ್ಲು ಕಚ್ಚಿಕೊಂಡು ಏಣಿ ಹತ್ತಿದೆ.

ಊಟದ ನಂತರ ಗಾಳಿ ಎದ್ದಿತು. ಅಪ್ಪನ ಕಡೆ ತಗಡೊಂದು ದಡದಡ ಬಡಿದುಕೊಂಡಿತು. ಅವನಿಗೆ ಆಸರೆಯಾಗಲಿ ಅಂತ ಕಾಲೂರಿ ಹಗ್ಗ ಎಳೆದೆ.

ಹಗ್ಗ ಬಂತು. ಬರುತ್ತಲೇ ಇತ್ತು. ನೆತ್ತಿ ದಾಟಿ ಖಾಲಿ ತುದಿ ನನ್ನ ಕೈಗೆ ಬಂದು ಬಿತ್ತು.

ಅಂಬೆಗಾಲಲ್ಲಿ ಮೇಲೇರಿ ಆಚೆ ಇಣುಕಿದೆ. ಅಪ್ಪ ಕುಕ್ಕರಗಾಲಲ್ಲಿ ಕೂತು ಆರಾಮಾಗಿ ಸ್ಕ್ರೂ ಬಿಗಿಯುತ್ತಿದ್ದ. ನನ್ನ ಕೈಯಲ್ಲಿದ್ದ ತುದಿ ನೋಡಿ ಸಿಕ್ಕಿಬಿದ್ದವನಂತೆ ನಕ್ಕ.

"ಬಿಚ್ಕೊಳ್ತಾ?"

"ಎಂಥ ಗಂಟು ಹಾಕಿದ್ದೆ?"

"ಎಳೆದ್ರೆ ಬಿಡೋ ಗಂಟು."

"ಯಾವತ್ತಿಂದ?"

"ನೀನು ನನ್ ಜೊತೆ ಹತ್ತೋಕೆ ಶುರು ಮಾಡಿದಾಗಿಂದ." ತಲೆ ತಗ್ಗಿಸಿದ. "ನಾನು ಬಿದ್ರೆ ಬೀಳ್ತೀನಿ ಕಣೋ. ನಿನ್ನನ್ಯಾಕೆ ಎಳ್ಕೊಂಡು ಹೋಗ್ಲಿ? ನಿಮ್ಮಮ್ಮಂಗೆ ಏನಂತ ಹೇಳ್ಲಿ?"

"ಬಿದ್ಮೇಲೆ ನೀನೇ ಎದ್ದು ಹೋಗಿ ಹೇಳ್ತೀಯಾ?"

ಮೈಯೆಲ್ಲ ಉರಿಯುತ್ತಿತ್ತು. ಕಣ್ಣಲ್ಲಿ ನೀರೂ ಬಂದುಬಿಟ್ಟಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು. "ಸರಿ, ನಾನು ಜಾರಿದ್ರೆ?"

"ಜಾರು ನೋಡೋಣ, ನಾನಿಲ್ವಾ ಹಿಡ್ಕೊಳ್ಳೋಕೆ, ಹಗ್ಗ..."

ಮಾತು ಅಲ್ಲಿಗೇ ನಿಂತಿತು. ಇಷ್ಟು ದಿನ ನನ್ನ ಸೊಂಟದಿಂದ ಹೊರಟ ಹಗ್ಗ ನನ್ನನ್ನು ಯಾವುದಕ್ಕೂ ಕಟ್ಟಿರಲಿಲ್ಲ ಅನ್ನುವುದು ಅವನಿಗೆ ಆಗಷ್ಟೇ ಹೊಳೆಯಿತು. ಮುಖಕ್ಕೆ ಸುಣ್ಣ ಬಳಿದಂತಾಯಿತು. ಮೇಲೆ ಬಂದು ನನ್ನ ಮುಂಗೈ ಹಿಡಿದುಕೊಂಡ. ಹಿಡಿದ ಕೈ ಏಣಿಯ ತನಕ ಬಿಡಲಿಲ್ಲ.

"ಇಳಿ ಮರಿ. ಮೊದ್ಲು ನೀನು ಇಳಿ."

ಕೆಳಗೆ ಕಂಟ್ರಾಕ್ಟರ್ ಕೂಗಾಡಿದ. "ಮೋಡ ಕಟ್ತಾ ಇದೆ, ಅರ್ಧ ಚಾವಣಿ ತೆರೆದೇ ಇದೆ, ಇಳಿದು ಬಂದ್ರಾ?"

"ಕೊಂಡಿ ಹಾಕೋವರೆಗೂ ನಾವು ಹತ್ತಲ್ಲ" ಅಂದ ಅಪ್ಪ.

"ಮಗನ ಗಾಳಿ ನಿಂಗೂ ಬೀಸ್ತಾ?"

"ಬೀಸ್ತು ಸಾರ್. ಅವಸರ ಇದ್ರೆ ನೀವೇ ಹತ್ತಿ. ಹೆಲ್ಮೆಟ್ ಹೇಗೂ ಇದೆಯಲ್ಲ ಡಿಕ್ಕೀಲಿ."

ಕೆಳಗೆ ತಗಡು ಕತ್ತರಿಸುತ್ತಿದ್ದವರು ನಕ್ಕರು. ನಕ್ಕವರು ಕತ್ತರಿ ಕೆಳಗಿಟ್ಟು ಕೂತೇಬಿಟ್ಟರು. ಕಂಟ್ರಾಕ್ಟರ್ ಒಮ್ಮೆ ಮೋಡ ನೋಡಿದ, ಒಮ್ಮೆ ನಮ್ಮನ್ನು ನೋಡಿದ, ಆಮೇಲೆ ಕೊಂಡಿ, ಬೆಲ್ಟು ತರಿಸಲು ಅಂಗಡಿಗೆ ಫೋನ್ ಮಾಡಿದ.

ಮರುದಿನ ಕೊಂಡಿ ಬಿಗಿಸಿದೆವು. ಅಪ್ಪ ತನ್ನ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದ. ನನ್ನದನ್ನು ಮಾತ್ರ ಸೇಡು ತೀರಿಸಿಕೊಳ್ಳುವವನಂತೆ ಜಗ್ಗುತ್ತಲೇ ಇದ್ದ. ಆಮೇಲೆ ಅವನು ಆಚೆ ಹೋದ, ನಾನು ಈಚೆ.

"ಲೋ, ಇದ್ದೀಯಾ?" ಆ ಕಡೆಯಿಂದ ಕೂಗು.

"ಇದ್ದೀನಿ."

ಇನ್ನೊಂದು ತಗಡು ಮುಗಿಯುವಷ್ಟರಲ್ಲಿ ಮತ್ತೆ. "ಇದ್ದೀಯೇನೋ?"

"ಇಲ್ದೆ ಎಲ್ಲಿಗೆ ಹೋಗ್ಲಿ, ಕಟ್ಟಾಕಿದ್ದೀಯಲ್ಲ!"

ಹೀಗೇ ನಡೆಯಿತು. ಒಂದು ಸಲ ಅವನ ಕೂಗು ತಡವಾಯಿತು. ಡ್ರಿಲ್ ನಿಲ್ಲಿಸಿ ಕಾದೆ. ತಡೆಯಲಾಗಲಿಲ್ಲ.

"ಅಪ್ಪಾ?"

"ಇದ್ದೀನಿ ಕಣೋ. ಕೆಲಸ ನೋಡು."