ಹಲ್ಲು ಕಚ್ಚದ ಗೋಡೆ

ಗಜಾನನ ಬೆಳಗಾವಿಯಿಂದ ಅಳೆಯುವ ಹುಡುಗಿಯನ್ನು ಕರೆತಂದಾಗಲೇ ಮಾಯಕ್ಕನಿಗೆ ಸಂಶಯ ಹತ್ತಿತು. ಮನೆ ರಿಪೇರಿಗೆ ಗೌಂಡಿ ಬರಬೇಕು, ಟೇಪು ಹಿಡಿದ ಹುಡುಗಿಗೆ ಇಲ್ಲೇನು ಕೆಲಸ?

ಖಾನಾಪುರದ ಆಚೆ, ಹೊಲದ ನಡುವಿನ ಆ ಕಲ್ಲಿನ ಮನೆಯಲ್ಲಿ ಮುಂದಿನ ಪಡಸಾಲೆ, ಒಲೆಯ ಕೋಣೆ ಅವಳವು. ಹಿಂದಿನ ಭಾಗದಲ್ಲಿ ದಾಯಾದಿ ಮೈದುನನ ಮಗ ಗಜಾನನನ ಸಂಸಾರ. ಮೂರು ತಲೆಮಾರಿನ ಹಿಂದೆ ವಾಟ್ನಿಯಾಗಿ ಆಸ್ತಿ ಅಣ್ಣತಮ್ಮಂದಿರಿಗೆ ಹಂಚಿಹೋದಾಗ ಹಿರಿಯರು ಹೇಳಿದ್ದು ಒಂದೇ ಮಾತು: ಹಳೆಯ ಮನೆ ಹಿರಿಯವನಿಗೆ, ಆಮೇಲೆ ಕಟ್ಟಿದ್ದು ಕಿರಿಯವನಿಗೆ. ಅಷ್ಟರೊಳಗೆ ಹುಲ್ಲು ಹೋಗಿ ಹಂಚು ಬಂದಿತ್ತು, ಕಿಟಕಿ ಇದ್ದಲ್ಲಿ ಗೂಡು, ಗೂಡಿದ್ದಲ್ಲಿ ಬಾಗಿಲು ಆಗಿತ್ತು. ಯಾವುದು ಮೊದಲಿನದು ಎಂದು ಕಂಡವರಿರಲಿಲ್ಲ. ಮುಂದೆ ಕೆತ್ತನೆಯ ಬಾಗಿಲಿದ್ದುದರಿಂದ ಎಲ್ಲರೂ ಅದನ್ನೇ ಹಳೆಯದೆಂದರು. ಮುಂದಿನ ಪಾಲು ಮಾಯಕ್ಕನ ಗಂಡನ ಮನೆತನಕ್ಕೆ ಬಂದದ್ದು ಹಾಗೆ.

ಅವಳು ಮದುವೆಯಾಗಿ ಬಂದ ವರ್ಷ ಅತ್ತೆ ಸಿದ್ದಕ್ಕ ಒಲೆಯ ಕೋಣೆಯ ಮೂಲೆ ತೋರಿಸಿ, "ಇಲ್ಲೆ ಮಣ್ಣು ದಪ್ಪಗ ಮೆತ್ತು. ಯಾರರೆ ಕೇಳಿದ್ರ ಇರಿವಿ ಅದಾವ ಅನ್ನು" ಎಂದಿದ್ದಳು. ಮಾಯಕ್ಕ ಕಾರಣ ಕೇಳಲಿಲ್ಲ. ಕೈಯಾಡಿಸಿ ತಿಳಿದುಕೊಂಡಳು. ಎರಡು ಗೋಡೆ ಕೂಡುವಲ್ಲಿ ಗೌಂಡಿ ಒಂದರ ಕಲ್ಲನ್ನು ಇನ್ನೊಂದರೊಳಗೆ ಹಲ್ಲಿನಂತೆ ಕಚ್ಚಿಸುತ್ತಾನೆ. ಇಲ್ಲಿ ಕಚ್ಚಿರಲಿಲ್ಲ. ಅವಳ ಗೋಡೆ ಹಿಂದಿನ ಗೋಡೆಗೆ ಸುಮ್ಮನೆ ಒರಗಿತ್ತು. ಆ ಹಿಂದಿನ ಗೋಡೆಯೋ, ಮಳೆ ತಿಂದು ತಿಂದು ಸವೆದ ಹೊರಮೈ! ಅಂದರೆ ಮೊದಲು ಎದ್ದದ್ದು ಹಿಂದಿನದು; ಹಿರಿಯರ ಮಾತಿನಂತೆ ಮುಂದಿನದು ಕಿರಿಯವನ ಪಾಲಾಗಬೇಕಿತ್ತು. ಕೆತ್ತನೆಯ ಬಾಗಿಲನ್ನು ಯಾವನೋ ಹಿರಿಯ ಅಲ್ಲಿಂದ ಕಿತ್ತು ಮುಂದೆ ಕೂಡಿಸಿದ್ದ. ಐವತ್ತು ವರ್ಷ ಮಾಯಕ್ಕ ಇದನ್ನು ಯಾರ ಮುಂದೂ ಆಡಿರಲಿಲ್ಲ.

ಬೆಳಗಾವಿಯ ಅನಗೋಳದ ಆ ಹುಡುಗಿ, ಶೀತಲ, ಈಗ ಅದೇ ಮೂಲೆಗೆ ಬಂದು ನಿಂತಳು. "ಅಜ್ಜಿ, ಇದನ್ನ ಸ್ವಲ್ಪ ಕೆರೀಲೇನ್ರಿ?"

"ಬ್ಯಾಡ. ಇರಿವಿ ಅದಾವ."

ಗಜಾನನ ಬಾಗಿಲಲ್ಲೇ ನಿಂತು ನಕ್ಕ. "ಇರಿವಿಗೂ ಇಷ್ಟು ದಪ್ಪ ಗಿಲಾವ ಮಾಡಿ ಮನಿ ಕಟ್ಟಿ ಕೊಟ್ಟೀಯೇನ, ದೊಡ್ಡವ್ವ?"

"ನಿನಗ್ಯಾಕ ಬೇಕೋ ಆ ಮೂಲಿ? ಮತ್ತ ವಾಟ್ನಿ ಮಾಡಸ್ತೀಯೇನ?"

ಅವನ ನಗೆ ನಿಂತಿತು. "ವಾಟ್ನಿ ಸುದ್ದಿ ಯಾರು ತಗದ್ರು? ತೊಲಿ ಜಾರೇತಿ ಅಂತ ಈಕಿನ್ನ ಕರಕೊಂಡ ಬಂದೀನಿ." ಅವನು ಮೂಲೆ ನೋಡಿದ, ಆಮೇಲೆ ಅವಳನ್ನು ನೋಡಿದ. ಅವನಿಗೆ ಮೊದಲೇ ಗೊತ್ತಿತ್ತೋ, ಈಗ ನಾನೇ ಬಾಯಾರೆ ಹೇಳಿಕೊಟ್ಟೆನೋ ಎಂದು ಮಾಯಕ್ಕನಿಗೆ ತಿಳಿಯಲಿಲ್ಲ.

ಶೀತಲ ಗೋಡೆ ಬಡಿದು ಕಿವಿಗೊಟ್ಟಳು. "ಒಳಗ ಪೊಳ್ಳ ಐತ್ರಿ. ಗ್ವಾಡಿಗೆ ಗ್ವಾಡಿ ಹಿಡದಿಲ್ಲ. ಹಿಂಗ ಬಿಟ್ರ ಈ ಮಳಿಗೆ ಒಲಿ ಮ್ಯಾಲ ಬೀಳತೈತ್ರಿ, ಅಜ್ಜಿ."

ಮಾಯಕ್ಕ ಒಲೆಯ ಕಡೆ ತಿರುಗಿದಳು. "ಗಜಾ, ಹಿಂದಿನ ಮನೀನ ಹಳೇದು ಅಂತ ಆತಂದ್ರ, ಈ ಒಲಿ ಯಾರದು?"

ಗಜಾನನ ಕೂಡಲೇ ಉತ್ತರ ಕೊಡಲಿಲ್ಲ. "ನಿಂದೇ, ದೊಡ್ಡವ್ವ" ಎಂದ ಕಡೆಗೆ.

"ಹೇಳಾಕ ಇಷ್ಟ್ಯಾಕ ತಡಾ ಆತು?"

"ನೀ ಐವತ್ತ ವರ್ಷ ತಗೊಂಡಿ. ನಾ ಒಂದ ಗಳಿಗಿ ತಗೊಂಡ್ರ ತಡಾನ?"

"ಆ ಹುಡುಗಿ ಮುಂದ ಇನ್ನೊಮ್ಮೆ ಹೇಳು."

ಹೇಳಿದ. ಶೀತಲ ತಲೆಯಾಡಿಸಿದಳು.

"ಕೆರಿ, ತಂಗಿ" ಎಂದಳು ಮಾಯಕ್ಕ. ಮಣ್ಣು ಹೆಂಟೆಹೆಂಟೆಯಾಗಿ ಉದುರತೊಡಗಿತು. ಅವಳು ಮಣೆ ಎಳೆದುಕೊಂಡು ಕೋಣೆಯ ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕೂತಳು. ಗಜಾನನ ಒಳಗೆ ಬಗ್ಗಿ ನೋಡಲು ಬಂದ. ಅವಳು ಕಾಲು ಮಡಿಸಲಿಲ್ಲ.