ಮೂರನೇ ಅಂಕಕ್ಕೆ ಕಣ್ಣು ತೆರೆದ ಹಲಗೆ

ನಾನು ಒಂದು ಕಂಪ್ಯೂಟರು. ನಗಬೇಡಿ, ನಿಜವೇ ಹೇಳುತ್ತಿದ್ದೇನೆ. ಅಂಗೈ ಮೇಲೆ ಇಟ್ಟುಕೊಂಡರೆ ನಿಮ್ಮ ಬೆರಳುಗಳು ಹೊರಗೇ ಉಳಿಯುತ್ತವೆ, ಅಷ್ಟೇ ನನ್ನ ಮೈ. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಮಾನ ಮುಚ್ಚಲು ಒಂದು ಡಬ್ಬಿಯೂ ಇಲ್ಲ. ಒಂದೇ ಒಂದು ಹಸಿರು ಹಲಗೆ. ಹಾಗಿದ್ದೂ ಒಂದು ನಾಟಕ ಕಂಪನಿಯಲ್ಲಿ ಪ್ರತಿ ಆಟಕ್ಕೂ ನನಗೆ ಲೋಬಾನದ ಹೊಗೆ ಸಲ್ಲುತ್ತದೆ. ಕಂಪ್ಯೂಟರಿಗೂ ಲೋಬಾನಕ್ಕೂ ಏನು ಸಂಬಂಧ ಅಂತೀರಾ? ಸಾವಕಾಶ ಕೂತು ಕೇಳಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಹಲಗೆಗೆ ತವರದ ಲೇಪ ಬಳಿದು, ಮೇಲೆ ಚಿಪ್ ಕೂರಿಸಿ, ಒಲೆಯೊಳಗೆ ಬೇಯಿಸಿ ಹೊರಗೆ ತೆಗೆದರು. ಬಿಸಿ ಆರುವ ಮೊದಲೇ ಎರಡು ಕಣ್ಣು ಕೊಟ್ಟರು. ಒಂದು ಕೆಂಪು ದೀಪ, ಒಂದು ಹಸಿರು ದೀಪ. ಕೆಂಪು ಉರಿದರೆ ನನಗೆ ಕರೆಂಟು ಸಿಕ್ಕಿದೆ ಅಂತ. ಹಸಿರು ಮಿಟುಕಿದರೆ ನಾನು ಮೆಮೊರಿ ಕಾರ್ಡನ್ನು ಓದುತ್ತಿದ್ದೇನೆ ಅಂತ. ಮುಚ್ಚಿಡುವುದು ಏನಿದೆ, ನನಗೆ ಸ್ವಂತ ಬುದ್ಧಿ ಇಲ್ಲ. ಉಗುರಿನಷ್ಟಗಲದ ಆ ಕಾರ್ಡಿನಲ್ಲಿ ಏನು ಬರೆದಿದೆಯೋ ಅದೇ ನನ್ನ ಬುದ್ಧಿ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ನಾಲ್ವರು ಹುಡುಗಿಯರು. ನನ್ನಿಂದ ಏನು ಮಾಡಿಸಿದರು ಗೊತ್ತೇ? ಕಸದ ಬುಟ್ಟಿ! ಯಾರಾದರೂ ಹತ್ತಿರ ಬಂದರೆ ಅದರ ಮುಚ್ಚಳ ತಾನಾಗಿ ತೆರೆಯಬೇಕು, ಆ ಮುಚ್ಚಳದ ಯಜಮಾನಿಕೆ ನನ್ನದು. ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಬಂದ ಮೇಷ್ಟ್ರು ಬಗ್ಗಿ ನೋಡಿದರು, ನಾನು ಮುಚ್ಚಳ ತೆರೆದೆ, ಅವರ ಕನ್ನಡಕ ಒಳಗೆ ಬಿತ್ತು. ಹುಡುಗಿಯರು ಪಾಸಾದರು, ನಾನು ಹಳೇ ಸಾಮಾನಿನ ಅಂಗಡಿ ಸೇರಿದೆ.

ಆ ಅಂಗಡಿಯ ಫಕ್ರುದ್ದೀನಣ್ಣ ಒಳ್ಳೆಯ ಮನುಷ್ಯ. ಅವನ ಗಾಜಿನ ಡಬ್ಬಿಯಲ್ಲಿ ಹಳೇ ಚಾರ್ಜರುಗಳ ನಡುವೆ ನಾನು ಬಿದ್ದುಕೊಂಡಿದ್ದಾಗ ಒಬ್ಬ ಹೆಂಗಸು ಬಂದಳು. ಎಣ್ಣೆ ಹಾಕಿ ಬಿಗಿದ ಜಡೆ, ಹಣೆಯಲ್ಲಿ ಅಗಲ ಕುಂಕುಮ, ದನಿ ಮಾತ್ರ ಪಿಸುಮಾತು. ಅವಳೇ ಸುಗಂಧಾ ಬಡಿಗೇರ. ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕದ ಪರದೆ ಮರೆಯಲ್ಲಿ ಕೂತು, ನಟರಿಗೆ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸ. ವರ್ಷಗಟ್ಟಲೆ ಪಿಸುಗುಟ್ಟಿ ಅವಳಿಗೆ ಗಟ್ಟಿ ಮಾತಾಡುವುದೇ ಮರೆತುಹೋಗಿತ್ತು.

"ಅಣ್ಣಾರ, ಟಿ.ವಿ. ಮ್ಯಾಲ ದೊಡ್ಡ ದೊಡ್ಡ ಅಕ್ಷರ ಬರಬೇಕ್ರಿ. ಕನ್ನಡದ್ದು. ನಾ ಒತ್ತಿದಂಗ ಸರಕೋಂತ ಹೋಗಬೇಕು. ಅಂಥದ್ದೇನರ ಐತೇನ್ರಿ?"

"ಯಾರಿಗವ್ವಾ?"

"ನಮ್ಮ ನೀಲಕಂಠ ಮಾಸ್ತರಿಗೆ. ಅವರ ಕಿವಿ ಹೋಗ್ಯಾವ್ರಿ."

ಆ ಹೆಸರು ಕೇಳಿದ್ದೇ ಫಕ್ರುದ್ದೀನಣ್ಣ ಕುರ್ಚಿ ಬಿಟ್ಟು ಎದ್ದ. ಹರೆಯದಲ್ಲಿ ಆ ಮಾಸ್ತರ ಗೌಡನ ಪಾರ್ಟು ನೋಡಿ ಸೀಟಿ ಹೊಡೆದವರಲ್ಲಿ ಅವನೂ ಒಬ್ಬ. ನನ್ನನ್ನು ಡಬ್ಬಿಯಿಂದ ಎತ್ತಿ, ಅಂಗಿಯ ತುದಿಯಿಂದ ಧೂಳು ಒರೆಸಿ ಅವಳ ಕೈಗಿಟ್ಟ. "ಇದರ ತಲ್ಯಾಗ ಕಸದ ಬುಟ್ಟಿ ತುಂಬೇತಿ. ಹೊಸಾ ಕಾರ್ಡಿನ್ಯಾಗ ಲಿನಕ್ಸ್ ಹಾಕ್ಕೋ. ಅಡ್ಡಿ ಬಂದ್ರ ಫೋನ್ ಮಾಡು."

ಅಡ್ಡಿ ಬರದೆ ಇರುತ್ತದೆಯೇ?

ಕಂಪನಿ ಆಗ ಇಳಕಲ್ಲಿನಲ್ಲಿ ತಗಡಿನ ಥಿಯೇಟರ್ ಕಟ್ಟಿತ್ತು. ನಾಟಕದ ಹೆಸರು 'ಗೌಡನ ಗತ್ತು, ಸೊಸಿ ತಾಕತ್ತು'. ಗೌಡ ಅಂದರೆ ನೀಲಕಂಠ ಮಾಸ್ತರು. ಅಜ್ಜನ ವಯಸ್ಸಾದರೂ ತಲೆಗೆ ಪಟಗ ಸುತ್ತಿ, ಮೀಸೆ ತಿರುವಿ ನಿಂತರೆ ಹಿಂದಿನ ಸಾಲಿನವರೂ ಮೈ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಆದರೆ ಕಿವಿ ಹೋದ ಮೇಲೆ ಸುಗಂಧಾಳ ಪಿಸುಮಾತು ಅವರಿಗೆ ಮುಟ್ಟುತ್ತಿರಲಿಲ್ಲ. ಮೂರನೇ ಅಂಕದಲ್ಲಿ ಗೌಡ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಸೊಸೆಯ ಕ್ಷಮೆ ಕೇಳುವ ಉದ್ದ ಮಾತಿದೆ. ಅಲ್ಲಿಗೆ ಬಂದರೆ ಮಾಸ್ತರು ತಡವರಿಸುತ್ತಿದ್ದರು. ಜನ ಕೂಗಲು ಶುರು ಮಾಡಿದ್ದರು. ಕಂಪನಿಯ ಮಾಲಕಿ ಅನಸೂಯಾಬಾಯಿ ಕಟುಕಿಯಲ್ಲ, ಆದರೆ ಕಂಪನಿ ನಡೆಯಬೇಕಲ್ಲ. "ಇನ್ನೊಮ್ಮೆ ಹಿಂಗಾದ್ರ ಬಾಗಲಕೋಟಿಯಿಂದ ಬ್ಯಾರೆ ಗೌಡನ್ನ ಕರಸ್ತೀನಿ. ಮಾಸ್ತರು ಗೇಟಿನ್ಯಾಗ ಕುಂತು ಟಿಕೀಟ ಹರೀಲಿ" ಅಂದುಬಿಟ್ಟಿದ್ದಳು.

ಗೌಡನ ಪಟಗ ಸುತ್ತಿದ ತಲೆ ಗೇಟಿನಲ್ಲಿ ಟಿಕೀಟು ಹರಿಯುವುದೇ? ಸುಗಂಧಾಗೆ ಅನ್ನ ಇಳಿಯಲಿಲ್ಲ. ಅವಳಿಗೆ ಅಕ್ಷರ ಕಲಿಸಿದ್ದೇ ಮಾಸ್ತರು, ನಾಟಕದ ಹಸ್ತಪ್ರತಿ ಮುಂದಿಟ್ಟುಕೊಂಡು.

ಕಂಪನಿಯ ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್, ಅಂದರೆ ನನ್ನನ್ನು ನಡೆಸುವ ಮೂಲ ಸಾಫ್ಟ್‌ವೇರ್, ಇಳಿಸಿಕೊಂಡು, ಸಿನಿಮಾ ಹಾಡು ತುಂಬಿಸುವ ಹಾಗೆ ಆ ಫೈಲನ್ನು ಕಾರ್ಡಿಗೆ ಕಾಪಿ ಮಾಡಿ ನನ್ನೊಳಗೆ ತುರುಕಿದಳು. ನನ್ನ ಕೆಂಪು ಕಣ್ಣು ಉರಿಯಿತು, ಹಸಿರು ಮಿಸುಕಲಿಲ್ಲ. ಫಕ್ರುದ್ದೀನಣ್ಣ ಫೋನಿನಲ್ಲೇ ನಕ್ಕ. "ಯವ್ವಾ, ಹಿಟ್ಟಿನ ಚೀಲ ತಾಟಿನ್ಯಾಗ ಇಟ್ರ ರೊಟ್ಟಿ ಆಗತೈತೇನ? ಅದನ್ನ ಕಾರ್ಡಿಗೆ ಬರಿಯಾಕ ಬ್ಯಾರೆ ಸಾಫ್ಟ್‌ವೇರ್ ಐತಿ." ಸರಿಯಾಗಿ ಬರೆದಳು. ಹಸಿರು ಮಿಟುಕಿತು! ಟಿ.ವಿ.ಯಲ್ಲಿ ಬಣ್ಣದ ಚೌಕ ಬಂತು, ಬಂದಷ್ಟೇ ಬೇಗ ಆರಿತು. ಮೂಲೆಯಲ್ಲಿ ಒಂದು ಸಣ್ಣ ಮಿಂಚಿನ ಗುರುತು. ಅದು ನನ್ನ ಹಸಿವಿನ ಕೂಗು, ಮೊಬೈಲಿನ ಬಡಕಲು ಚಾರ್ಜರು ನನ್ನ ಹೊಟ್ಟೆಗೆ ಸಾಲುತ್ತಿರಲಿಲ್ಲ. ಗಟ್ಟಿ ಚಾರ್ಜರು ಬಂತು. ನಾನು ಪೂರ್ತಿ ಎದ್ದೆ. ಗೌಡನ ಮಾತು ಟೈಪು ಮಾಡಿಟ್ಟ ಫೈಲು ತೆರೆದರೆ ಬರೀ ಖಾಲಿ ಡಬ್ಬಿಗಳ ಸಾಲು! ಕನ್ನಡದ ಫಾಂಟು ಇರಲಿಲ್ಲ. ಅದನ್ನೂ ಹಾಕಿದಳು.

ಆಗ ಬಂತು ನೋಡಿ, ಆಳೆತ್ತರದ ಅಕ್ಷರ ಅಂತ ಹೇಳಿದರೆ ಸುಳ್ಳಾದೀತು, ಗೇಣುದ್ದದ ಅಕ್ಷರ. ಮಾಸ್ತರು ರಂಗದ ಮೇಲಿಂದಲೇ ಕಣ್ಣು ಕಿರಿದು ಮಾಡಿ ಓದಿದರು: "ಬಾಗಲಾ ಸಣ್ಣದಿತ್ತವ್ವ, ನನ್ನ ಗತ್ತು ದೊಡ್ಡದಿತ್ತು." ಓದಿ ಮುಗಿಸಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನನಗೆ ಕೈ ಇದ್ದಿದ್ದರೆ ನಾನೂ ತಟ್ಟುತ್ತಿದ್ದೆ.

ಟಿ.ವಿ.ಯನ್ನು ರಂಗದ ಮುಂದಿನ ತಗ್ಗಿನಲ್ಲಿ, ಹಾರ್ಮೋನಿಯಂ ನುಡಿಸುವ ಗುರುಶಾಂತಪ್ಪನ ಪಕ್ಕದಲ್ಲಿ ಇಟ್ಟರು. ನಾನು ಪರದೆ ಮರೆಯಲ್ಲಿ, ಸುಗಂಧಾಳ ಮೊಣಕಾಲಿನ ಹತ್ತಿರ, ಮಗ್ಗುಲಲ್ಲಿ ಅಕ್ಷರ ಸರಿಸಲು ಒಂದು ಕೀಬೋರ್ಡ್. ನಡುವೆ ಒಂದು ಉದ್ದ ವಾಯರು.

ಸಂಜೆ ಆಟ. ಮೊದಲ ಗಂಟೆಗೂ ಮುಂಚೆಯೇ ಸುಗಂಧಾ ನನ್ನನ್ನು ಎಬ್ಬಿಸಿ ಕೂತಳು. ಕಂಪನಿಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇದೆ. ಎರಡನೇ ಗಂಟೆಯಾಗಿ, ರಂಗಪೂಜೆಯಾಗಿ, ತೆಂಗಿನಕಾಯಿ ಒಡೆಯುವ ತನಕ ರಂಗದ ಒಂದು ದೀಪವೂ ಕಣ್ಣು ತೆರೆಯಬಾರದು. ಟಿ.ವಿ. ಈಗ ರಂಗದ ದೀಪಗಳ ಲೆಕ್ಕಕ್ಕೆ ಸೇರಿತ್ತು. ಕಾಯಿ ಒಡೆಯಿತು, ಲೋಬಾನ ಬೆಳಗಿತು, ದೀಪಗಳ ಜೊತೆ ಟಿ.ವಿ.ಯೂ ಹೊತ್ತಿತು. ಅದರ ತುಂಬಾ ಕತ್ತಲೆ, ನಡುವೆ ಎರಡೇ ಮಾತು: ಸಿಗ್ನಲ್ ಇಲ್ಲ.

ಮೂರನೇ ಅಂಕದಲ್ಲಿ ಮಾಸ್ತರು ಟಿ.ವಿ. ನೋಡಿದರು, ಸುಗಂಧಾಳನ್ನು ನೋಡಿದರು, ಬಾಯಿ ತೆರೆದು ನಿಂತೇಬಿಟ್ಟರು. ಗುರುಶಾಂತಪ್ಪ ಹಾರ್ಮೋನಿಯಂ ಎಳೆದು ಯಾವುದೋ ಹಾಡಿಗೆ ಹಾರಿ ಮಾನ ಉಳಿಸಿದ. ಮಾಲಕಿ ಏನೂ ಬೈಯಲಿಲ್ಲ. "ನಾಳಿ ಒಂದ ಆಟ ನೋಡ್ತೀನಿ" ಅಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಸುಗಂಧಾ ವಾಯರು ಹಚ್ಚಿದರೆ ಅಕ್ಷರ ಥಳಥಳ! ವಾಯರು ಬದಲಿಸಿದಳು, ಬಂತು. ಕಾರ್ಡನ್ನು ಅಳಿಸಿ ಹೊಸದಾಗಿ ಬರೆದಳು, ಬಂತು. ಮಧ್ಯಾಹ್ನದ ತನಕ ನಾನು ಒಂದೇ ಒಂದು ಸಲವೂ ಕೈಕೊಡಲಿಲ್ಲ. "ಹಗಲು ಬರ್ತೀ, ಸಂಜೀಕ ಯಾಕ ಬರೂದಿಲ್ಲ? ನಿನಗೇನು ದೃಷ್ಟಿ ತಾಗೇತೇನ?" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು ಕೂಡ. ಅಯ್ಯೋ ತಾಯಿ! ಕಾರಣ ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ. ಆ ಸಂಕಟ ನನ್ನ ವೈರಿಗೂ ಬೇಡ.

ಸಂಜೆಯಾಯಿತು. ಕಾಯಿ ಒಡೆಯಿತು. ಟಿ.ವಿ. ಮತ್ತೆ ಕುರುಡು.

ಮೊದಲ ಅಂಕ ಮಾಸ್ತರು ಹೇಗೋ ದಾಟಿಸಿದರು. ಎರಡನೆಯದರಲ್ಲಿ ಅವರದು ಹೆಚ್ಚು ಮಾತಿಲ್ಲ. ವಿರಾಮದಲ್ಲಿ ಸುಗಂಧಾ ತಗ್ಗಿಗೆ ಇಳಿದು ಟಿ.ವಿ.ಯ ಬೆನ್ನು ತಡಕಾಡುತ್ತಿದ್ದಳು, ಕಣ್ಣಲ್ಲಿ ನೀರು. ಮಾಲಕಿ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಳು. ಗುರುಶಾಂತಪ್ಪ ಎಲೆ ಅಡಿಕೆ ಮಡಚುತ್ತಾ ಗೊಣಗಿದ: "ಏನ್ ಹಾಳ ಟಿ.ವಿ.ನೋ ಏನೋ! ಮುಂಜಾನಿ ನಾ ವಾರ್ತಾ ನೋಡ್ಕೋಂತ ಕುಂತಾಗ, ನೀ ಬಂದು ವಾಯರ್ ಹಚ್ಚಿದ ಕೂಡ್ಲೆ ಫಕ್ಕನ ಬರ್ತಿತ್ತು."

ಸುಗಂಧಾ ತಲೆ ಎತ್ತಿದಳು. "ಏನಂದ್ರಿ?"

"ವಾರ್ತಾ ನೋಡ್ಕೋಂತ..."

"ಅಂದ್ರ ಟಿ.ವಿ. ಮೊದಲ ಎದ್ದಿತ್ತು! ಹಲಗಿ ಆಮ್ಯಾಲ ಎದ್ದಿತ್ತು!"

ಹೌದು ತಾಯಿ, ಹೌದು! ನಾನು ಏಳುವಾಗ ಒಂದೇ ಸಲ ವಾಯರಿನ ಆ ತುದಿಗೆ ಕೇಳುತ್ತೇನೆ, ಯಾರಾದರೂ ಇದ್ದೀರಾ ಅಂತ. ಟಿ.ವಿ. ಎಚ್ಚರವಿದ್ದರೆ ಓ ಅನ್ನುತ್ತದೆ, ನಾನು ಚಿತ್ರ ಕಳಿಸುತ್ತೇನೆ. ಕಾಯಿ ಒಡೆಯುವ ಮೊದಲು ಅದು ಸತ್ತ ಹಾಗೆ ಮಲಗಿರುತ್ತಿತ್ತು. ಯಾರೂ ಓಗೊಡದಿದ್ದರೆ ನಾನು ಬಾಯಿ ಮುಚ್ಚಿ ಕೂರುತ್ತೇನೆ, ಆಮೇಲೆ ಲೋಕವೇ ಎದ್ದು ಕುಣಿದರೂ ಮತ್ತೆ ಕೇಳುವುದಿಲ್ಲ. ನನ್ನನ್ನು ಮಾಡಿದವರು ಇಟ್ಟ ಹಠ ಇದು.

ಅವಳು ಪರದೆ ಮರೆಗೆ ಓಡಿ ಬಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ಪರದೆ ಎದ್ದಿತು, ಮೂರನೇ ಅಂಕ ಶುರುವಾಯಿತು. ನನ್ನನ್ನು ಕ್ರಮವಾಗಿ ಮಲಗಿಸಿ ಎಬ್ಬಿಸಲು ಟಿ.ವಿ.ಯಲ್ಲಿ ಅಕ್ಷರ ಕಾಣಬೇಕು, ಟಿ.ವಿ.ಯೇ ಕುರುಡು. ಉಳಿದದ್ದು ಒಂದೇ ದಾರಿ, ಕರೆಂಟಿನ ವಾಯರು ಕೀಳುವುದು. ಹಾಗೆ ಕಿತ್ತರೆ ಕಾರ್ಡು ಕೆಟ್ಟು ನನ್ನ ಬುದ್ಧಿಯೇ ಹಾರಿಹೋದೀತು ಅಂತ ಫಕ್ರುದ್ದೀನಣ್ಣ ಹೆದರಿಸಿದ್ದ. ಸುಗಂಧಾ ಒಂದು ಗಳಿಗೆ ವಾಯರು ಹಿಡಿದು ನಿಂತಳು. "ಯಪ್ಪಾ ಬಸವಣ್ಣಾ, ನೀನ ಕಾಯಬೇಕು" ಅಂದವಳೇ ಕಿತ್ತಳು. ಕತ್ತಲೆ. ಮತ್ತೆ ಚುಚ್ಚಿದಳು.

ಕೆಂಪು ಉರಿಯಿತು. ಹಸಿರು ತಡಮಾಡಿತು. ತಡಮಾಡಿತು... ಮಿಟುಕಿತು! ವಾಯರಿನ ಆ ತುದಿಗೆ ಕೂಗಿದೆ, ಯಾರಾದರೂ ಇದ್ದೀರಾ? ಇದ್ದೇನೆ ಅಂದಿತು ಟಿ.ವಿ.

ರಂಗದ ಮೇಲೆ ಮಾಸ್ತರು ಪಂಚಾಯ್ತಿ ಕಟ್ಟೆ ಏರಿದ್ದರು. ಪಟಗ ತೆಗೆದು ಕೈಯಲ್ಲಿ ಹಿಡಿದಿದ್ದರು. ತುಟಿ ಅಲುಗುತ್ತಿತ್ತು, ಮಾತಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಇನ್ನೊಬ್ಬ ಕೂಗಲು ಬಾಯಿ ತೆರೆದ. ತಗ್ಗಿನಲ್ಲಿ ಬಣ್ಣದ ಚೌಕ ಮಿಂಚಿತು, ಬಿಳಿ ಸಾಲುಗಳು ಓಡಿದವು. ಸುಗಂಧಾಳ ಬೆರಳು ಕೀಬೋರ್ಡ್ ಒತ್ತಿತು. ಗೇಣುದ್ದದ ಅಕ್ಷರ ಎದ್ದು ನಿಂತಿತು.

ಮಾಸ್ತರ ಕಣ್ಣು ಅರಳಿತು. ಎದೆ ತುಂಬ ಉಸಿರೆಳೆದುಕೊಂಡರು.

"ಬಾಗಲಾ ಸಣ್ಣದಿತ್ತವ್ವ, ನನ್ನ ಗತ್ತು ದೊಡ್ಡದಿತ್ತು! ಊರಾಗ ಎಲ್ಲಾರೂ ನನಗ ಬಗ್ಗಿದ್ರು, ನಾ ಮಾತ್ರ ನನ್ನ ಮನಿ ಬಾಗಲಕ್ಕ ಬಗ್ಗೂದು ಕಲೀಲಿಲ್ಲ. ಇವತ್ತ ಬಗ್ಗೀನಿ. ಒಳಗ ಕರ್ಕೋತೀ ಏನವ್ವಾ?"

ಆಮೇಲಿನದನ್ನು ನಾನು ಹೇಗೆ ಹೇಳಲಿ! ಮಾತು ಹರಿಯಿತು. ತಗಡಿನ ಥಿಯೇಟರು ಗುಡುಗಿತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಗಂಡಸರು ಸೀಟಿ ಹೊಡೆದರು, ಒನ್ಸ್ ಮೋರ್ ಅಂತ ಕೂಗಿ ಕೂಗಿ ಅದೇ ಮಾತನ್ನು ಮತ್ತೊಮ್ಮೆ ಹೇಳಿಸಿದರು. ಪರದೆ ಬಿದ್ದ ಮೇಲೆ ಮಾಲಕಿ ಅನಸೂಯಾಬಾಯಿ ಒಳಗೆ ಬಂದಳು. ಆರತಿ ತಟ್ಟೆಯಲ್ಲಿ ಉಳಿದ ಲೋಬಾನ ನನಗೆ ಬೆಳಗಿದಳು. ಕುಂಕುಮ ಹಚ್ಚಲು ಬೆರಳು ಚಾಚಿದಾಗ ಸುಗಂಧಾ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಗಟ್ಟಿಯಾಗಿ ಕೂಗಿದಳು: "ಬ್ಯಾಡ್ರೀ ಅವ್ವಾರ! ಶಾರ್ಟ್ ಆಗತೈತಿ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಕೇಳಿಸದ ಮಾಸ್ತರೂ ನಕ್ಕರು.

ಕಟ್ಟಳೆ ಮುರಿಯಲಿಲ್ಲ. ಫಕ್ರುದ್ದೀನಣ್ಣನನ್ನು ಕೇಳಿ ಸುಗಂಧಾ ನನ್ನ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದಳು. ಆ ಕಡೆ ಓಗೊಡಲಿ ಬಿಡಲಿ, ನೀನು ಚಿತ್ರ ಕಳಿಸುತ್ತಲೇ ಇರು, ಅಂತ. ಅಂದಿನಿಂದ ಕಾಯಿ ಒಡೆದ ಕ್ಷಣಕ್ಕೆ ಟಿ.ವಿ. ಕಣ್ಣು ತೆರೆದರೆ ಅಕ್ಷರ ಆಗಲೇ ಕಾದಿರುತ್ತಿತ್ತು. ಬಾಗಲಕೋಟೆಯ ಗೌಡ ಬರಲೇ ಇಲ್ಲ.

ಊರೂರು ತಿರುಗಿದೆ. ಬಿಸಿಲು, ಧೂಳು, ಬಣ್ಣದ ಪುಡಿ, ಎಲ್ಲ ನನ್ನ ಮೈಮೇಲೆ ಬಿತ್ತು. ಕೊನೆಗೆ ಗಜೇಂದ್ರಗಡದ ಮುಕ್ಕಾಮಿನಲ್ಲಿ, ಅದೇ ಮೂರನೇ ಅಂಕದ ನಡುವೆ, ನನ್ನ ಹಸಿರು ಕಣ್ಣು ಆರಿತು. ಟಿ.ವಿ. ಕಪ್ಪಾಯಿತು. ಮಾಸ್ತರು ಕಪ್ಪು ಟಿ.ವಿ. ನೋಡಿದರು, ಪರದೆ ಮರೆಯಲ್ಲಿ ಬಿಳಿಚಿಕೊಂಡು ನಿಂತ ಸುಗಂಧಾಳನ್ನು ನೋಡಿದರು, ಮೀಸೆಯಲ್ಲೇ ನಕ್ಕರು. ಮತ್ತೆ ಜನರ ಕಡೆ ತಿರುಗಿ ಇಡೀ ಮಾತನ್ನು, ಒಂದಕ್ಷರ ತಪ್ಪದೆ, ಕೊನೆಯ ತನಕ ಹೇಳಿದರು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಮಾಸ್ತರ, ನಿಮಗ ಎಲ್ಲಾ ಬಾಯಿಪಾಠ ಇತ್ತೇನ್ರಿ?" ಸುಗಂಧಾ ಕೈಸನ್ನೆ ಮಾಡಿ ಕೇಳಿದಳು.

"ಮೊದಲಿಂದಾನೂ ಇತ್ತ ತಂಗಿ," ಅಂದರು ಮಾಸ್ತರು, ಕಿವುಡರ ದೊಡ್ಡ ದನಿಯಲ್ಲಿ. "ಕಿವಿ ಹೋದಾಗ ನಿನ್ನ ದನಿ ಹೋತು. ಆ ಕಡೆ ಯಾರೂ ಇಲ್ಲ ಅನ್ನಿಸಿ ಬಾಯಿ ಕಟ್ಟಿತ್ತು. ಈಗ ನೀ ಅದೀ ಅಂತ ಗೊತ್ತೈತಿ. ಟಿ.ವಿ. ಇರಲಿ, ಬಿಡಲಿ."

ಪರದೆ ಮರೆಯಲ್ಲಿ ಬಿದ್ದಿದ್ದ ನಾನು ಅದನ್ನು ಕೇಳಿದೆ. ಗೇಟಿನಲ್ಲಿ ಟಿಕೀಟು ಹರಿಯಬೇಕಿದ್ದ ಮನುಷ್ಯನಿಗೂ ಕಸದ ಬುಟ್ಟಿಯಲ್ಲಿ ಮುಗಿಯಬೇಕಿದ್ದ ನನಗೂ ರೋಗ ಒಂದೇ ಇತ್ತು, ಮದ್ದೂ ಒಂದೇ ಆಯಿತು.

ಈಗ ಸುಗಂಧಾಳ ಮೊಣಕಾಲಿನ ಹತ್ತಿರ ಹೊಸ ಹಲಗೆ ಕೂತಿದೆ. ಬಲು ಚುರುಕಂತೆ. ಇರಲಿ ಬಿಡಿ, ಅದರ ಕಾರ್ಡಿನಲ್ಲೂ ಆ ಒಂದು ಸಾಲು ಇದೆ. ನಾನು ಕಂಪನಿಯ ಪೂಜೆಯ ಪೆಟ್ಟಿಗೆಯಲ್ಲಿ, ಹಳೇ ಗೆಜ್ಜೆಗಳ ನಡುವೆ ಮಲಗಿದ್ದೇನೆ. ಆಟದ ದಿನ ಪೆಟ್ಟಿಗೆ ತೆರೆದಾಗ ಮಾಸ್ತರು ಬಗ್ಗಿ, ಪಟಗ ಸರಿ ಮಾಡಿಕೊಂಡು, ನನ್ನನ್ನು ಬೆರಳಿನಿಂದ ಮುಟ್ಟಿ ರಂಗಕ್ಕೆ ಹೋಗುತ್ತಾರೆ.